ಮುರಿದದ್ದನ್ನು ಓದುವ ವಿದ್ಯೆ: ಪೂರ್ವ ಬೆಂಗಳೂರಿನಲ್ಲಿ ಮೆಟೀರಿಯಲ್ ಸೈನ್ಸ್ ಪಾಠ

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವವರನ್ನು ಮಧ್ಯರಾತ್ರಿ ಎಬ್ಬಿಸಿ ಯೂಟೆಕ್ಟಾಯ್ಡ್ ತಾಪಮಾನ ಎಷ್ಟೆಂದು ಕೇಳಿ. 727 ಡಿಗ್ರಿ ಎಂಬ ಉತ್ತರ ತಟ್ಟನೆ ಬರುತ್ತದೆ. (ಅವರಪ್ಪನೂ ಇಂಜಿನಿಯರಾಗಿದ್ದರೆ 723 ಎಂದಾನು, ಹಳೆಯ ಪುಸ್ತಕಗಳಲ್ಲಿ ಹಾಗಿತ್ತು.) ಕಬ್ಬಿಣ–ಇಂಗಾಲದ ನಕ್ಷೆಯನ್ನು ಸ್ಕೇಲು ಮುಟ್ಟದೆ ಬರೆದು ಆಸ್ಟೆನೈಟ್, ಫೆರೈಟ್, ಸಿಮೆಂಟೈಟ್ ಎಂದು ಮನೆ ಮನೆಗೂ ಹೆಸರು ತುಂಬಿಸಿಬಿಡುತ್ತಾರೆ. ಅದೇ ವಿದ್ಯಾರ್ಥಿಯ ಕೈಗೆ ಮುರಿದ ಆಕ್ಸಲಿನ ತುಂಡೊಂದನ್ನು ಕೊಟ್ಟು, ಇದು ಒಂದೇ ಪೆಟ್ಟಿಗೆ ಮುರಿದದ್ದೋ, ತಿಂಗಳುಗಟ್ಟಲೆ ಬಿರುಕು ಬೆಳೆದು ಕೊನೆಗೆ ಕಳಚಿಕೊಂಡದ್ದೋ ಎಂದು ಕೇಳಿದರೆ ಬಹುಮಟ್ಟಿಗೆ ಮೌನ. ತುಂಡನ್ನು ಹೇಗೆ ಹಿಡಿಯಬೇಕು, ಯಾವ ಕೋನದಲ್ಲಿ ಬೆಳಕಿಗೆ ಒಡ್ಡಬೇಕು ಎಂಬುದೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದಕ್ಕೆ ಅವರನ್ನು ದೂರಿ ಫಲವಿಲ್ಲ, ಏಕೆಂದರೆ ಯಾರೂ ಅವರ ಕೈಗೆ ಅಂಥದ್ದೊಂದನ್ನು ಕೊಟ್ಟೇ ಇಲ್ಲ.

ಈ ಮಾತು ದೇಶದ ಯಾವ ಊರಿಗೂ ಒಪ್ಪುತ್ತದೆ. ಆದರೆ ಬೆಂಗಳೂರಿನ ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗಿನ ಪಟ್ಟಿಯಲ್ಲಿ ನಿಂತು ಹೇಳುವಾಗ ಸ್ವಲ್ಪ ನಾಚಿಕೆಯಾಗಬೇಕು. ನಾನಾ ಬಗೆಯ ವಸ್ತುಗಳನ್ನು ಕರಗಿಸುವ, ಬಡಿಯುವ, ನೇಯುವ, ಪರೀಕ್ಷಿಸುವ, ಕೊನೆಗೆ ಒಡೆದು ಮಾರುವ ಕಸುಬೆಲ್ಲ ಇಷ್ಟು ಒತ್ತೊತ್ತಾಗಿ ಸೇರಿರುವ ಜಾಗ ನಮ್ಮ ದೇಶದಲ್ಲಿ ಹೆಚ್ಚಿಲ್ಲ. 1809ರಲ್ಲಿ ದಂಡು ಬಂತು, 1864ರಲ್ಲಿ ಜೋಲಾರ್‌ಪೇಟೆಯಿಂದ ರೈಲು ಬಂತು. ಹಲಸೂರಿನ ಕೆರೆಯ ಪಕ್ಕದಲ್ಲಿ 1834ರಿಂದ ನೆಲೆಯೂರಿದ ಮದ್ರಾಸ್ ಸ್ಯಾಪರ್ಸ್‌ನ ಅಧಿಕಾರಿಯೊಬ್ಬ 1912ರಲ್ಲಿ ಕೊಳವೆಯೊಳಗೆ ಸ್ಫೋಟಕ ತುಂಬಿ ಮುಳ್ಳುತಂತಿ ಬೇಲಿ ಸೀಳುವ ಸಾಧನ ಮಾಡಿದ. ಅದು ಇಂದಿಗೂ ಜಗತ್ತಿನ ಸೈನ್ಯಗಳಲ್ಲಿ ಬೆಂಗಳೂರ್ ಟಾರ್ಪೆಡೊ ಎಂದೇ ಕರೆಸಿಕೊಳ್ಳುತ್ತದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಇಂದಿನ ಎಚ್‌ಎಎಲ್‌) ಅಲ್ಯೂಮಿನಿಯಂ ತಗಡಿನ ವಿದ್ಯೆ ತಂದಿತು. 1948ರಲ್ಲಿ ದೂರವಾಣಿನಗರಕ್ಕೆ ಐಟಿಐ ಬಂತು. ಅದರೊಡನೆ ಟೆಲಿಫೋನಿನ ಪ್ಲಾಸ್ಟಿಕ್ಕು, ರಿಲೇಗಳ ಸಂಪರ್ಕ ಬಿಂದುಗಳ ಲೋಹ. ಜರ್ಮನಿಯ ಎಇಜಿ ಜತೆಗೂಡಿ ಬೈಯಪ್ಪನಹಳ್ಳಿಯಲ್ಲಿ ನಡೆದು ಈಗ ಮುಚ್ಚಿರುವ ಎನ್‌ಜಿಇಎಫ್‌ ಎಂದರೆ ಟ್ರಾನ್ಸ್‌ಫಾರ್ಮರಿನ ಸಿಲಿಕಾನ್ ಉಕ್ಕು. 1964ರ ಬಿಇಎಂಎಲ್‌ ಎಂದರೆ ರೈಲು ಬೋಗಿಯ ವೆಲ್ಡಿಂಗು, ಮುಂದೆ ಮೆಟ್ರೊದ ಸ್ಟೇನ್‌ಲೆಸ್ ಉಕ್ಕು. ಸಿ.ವಿ. ರಾಮನ್ ನಗರದಲ್ಲಿ ಜೆಟ್ ಇಂಜಿನ್ನಿನ ಜಿಟಿಆರ್‌ಇ. ದೂರವಾಣಿನಗರದಲ್ಲಿಯೇ ಸಿಲಿಕಾನ್ ಬಿಲ್ಲೆಗಳ ಮೇಲೆ ಚಿಪ್ ಮಾಡುವ ಸಿತಾರ್. ಕೋಡಿಹಳ್ಳಿಯಲ್ಲಿ ವಿಮಾನ ಸಂಶೋಧನೆಯ ಎನ್‌ಎಎಲ್‌. ಇವೆಲ್ಲದರ ಬಾಲದಲ್ಲಿ ಶಿವಾಜಿನಗರದ ಗುಜರಿ ಗಲ್ಲಿಗಳು. ಇಷ್ಟಿದ್ದೂ ಇಲ್ಲಿನ ವಿದ್ಯಾರ್ಥಿಗೆ ವಸ್ತುಗಳ ಪರಿಚಯವಾಗುವುದು ಬಿಳಿಹಲಗೆಯ ಮೇಲಿನ ನಕ್ಷೆಯಿಂದ.

ಪಾಠದ ಚರಿತ್ರೆ ಶುರುವಾಗುವುದು ಊರಿನ ಇನ್ನೊಂದು ಮೂಲೆಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ವಿಭಾಗ ತೆರೆದದ್ದು 1945ರಲ್ಲಿ. ಬ್ರಿಟನ್ನಿನಿಂದ ಬಂದ ಫ್ರಾಂಕ್ ಆಡ್‌ಕಾಕ್ ಮೊದಲ ಮುಖ್ಯಸ್ಥರು. 1951ರಲ್ಲಿ ಬ್ರಹ್ಮ ಪ್ರಕಾಶ್ ಆ ಕುರ್ಚಿಗೆ ಬಂದ ಮೊದಲ ಭಾರತೀಯರು, ಮುಂದೆ ಪರಮಾಣು ಇಂಧನಕ್ಕೂ ಬಾಹ್ಯಾಕಾಶಕ್ಕೂ ಕೈಹಚ್ಚಿದವರು. ಆಗ ಅಲ್ಲಿ ಬಿ.ಎಸ್ಸಿ. ಮುಗಿಸಿದವರಿಗೆ ಲೋಹಶಾಸ್ತ್ರದ ಬಿ.ಇ. ಕೊಡುತ್ತಿದ್ದರು. ಭೌತ, ರಸಾಯನ ಓದಿ ಬಂದ ಹುಡುಗರು ಕುಲುಮೆಯ ಮುಂದೆ ನಿಲ್ಲುತ್ತಿದ್ದರು. ಈ ಕ್ರಮ ಒಳ್ಳೆಯದಿತ್ತೆಂದು ನನಗೆ ಅನ್ನಿಸುತ್ತದೆ. ಏಕೆ ಎಂಬ ಪ್ರಶ್ನೆ ಮೊದಲೇ ತಲೆಯಲ್ಲಿರುವವರು ಹೇಗೆ ಎಂಬುದನ್ನು ಕಲಿಯಲು ಬರುತ್ತಿದ್ದರಲ್ಲ! ಈಗ ಆ ವಿಭಾಗದ ಹೆಸರು ಮೆಟೀರಿಯಲ್ಸ್ ಇಂಜಿನಿಯರಿಂಗ್. 2011ರಲ್ಲಿ ಶುರುವಾದ ನಾಲ್ಕು ವರ್ಷದ ಬಿ.ಎಸ್. ಪದವಿಯಲ್ಲಿ ಮೆಟೀರಿಯಲ್ಸ್ ಕೂಡ ಒಂದು ಮುಖ್ಯ ವಿಷಯ. ಆದರೆ ಅಲ್ಲಿ ಸೀಟು ಬೆರಳೆಣಿಕೆ. ಕರ್ನಾಟಕದಲ್ಲಿ ಲೋಹಶಾಸ್ತ್ರವನ್ನೇ ಹಿಡಿದು ಇಂಜಿನಿಯರಾಗಬೇಕು ಎನ್ನುವವರಿಗೆ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನ ದಾರಿ. ಉಳಿದ ಸಾವಿರಾರು ಮಂದಿಗೆ ಈ ವಿಷಯ ಸಿಗುವುದು ವಿಟಿಯು ಪಠ್ಯಕ್ರಮದ ಒಂದೇ ಒಂದು ಸೆಮಿಸ್ಟರಿನಲ್ಲಿ, ಮೆಕ್ಯಾನಿಕಲ್ಲಿನ ಬಾಲವಾಗಿ.

ಪೂರ್ವಕ್ಕೆ ವಸ್ತುವಿಜ್ಞಾನವನ್ನು ತಂದದ್ದು ಎನ್‌ಎಎಲ್‌. 1959ರ ಜೂನ್ 1ರಂದು ದೆಹಲಿಯಲ್ಲಿ ಹುಟ್ಟಿದ ಈ ಪ್ರಯೋಗಾಲಯ ಬೆಂಗಳೂರಿಗೆ ಬಂದಾಗ ಮೊದಲು ಬೀಡುಬಿಟ್ಟದ್ದು ಜಯಮಹಲ್ ಅರಮನೆಯ ಕುದುರೆ ಲಾಯದಲ್ಲಿ, ಅಂದರೆ ದಂಡಿನ ಮಗ್ಗುಲಲ್ಲಿ. ಅಲ್ಲಿಂದ ಕೋಡಿಹಳ್ಳಿಗೆ ಹೋಯಿತು. 1960ರ ದಶಕದ ಮಧ್ಯದಲ್ಲಿ ಅದರ ಮೆಟೀರಿಯಲ್ ಸೈನ್ಸ್ ವಿಭಾಗ ಕಟ್ಟಲು ಬಂದವರು ಎಸ್. ರಾಮಶೇಷನ್. ಸಿ.ವಿ. ರಾಮನ್ನರ ಸೋದರಳಿಯ, ಸ್ಫಟಿಕಶಾಸ್ತ್ರದಲ್ಲಿ ಪಳಗಿದ ಭೌತವಿಜ್ಞಾನಿ. ವಿಮಾನದ ಪ್ರಯೋಗಾಲಯಕ್ಕೆ ಸ್ಫಟಿಕದವನೇಕೆ ಎಂದು ಕೇಳಿದವರು ಇದ್ದಿರಬಹುದು. ಜಗತ್ತು ಆಗ ಆ ದಿಕ್ಕಿಗೇ ತಿರುಗುತ್ತಿತ್ತು. 1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಲೋಹಶಾಸ್ತ್ರದ ಬೋರ್ಡು ಇಳಿಸಿ ಮೆಟೀರಿಯಲ್ ಸೈನ್ಸ್ ಎಂದು ಬರೆದುಕೊಂಡಿತ್ತು. ಲೋಹ, ಗಾಜು, ಪಿಂಗಾಣಿ, ಪ್ಲಾಸ್ಟಿಕ್, ಅರೆವಾಹಕ ಎಲ್ಲಕ್ಕೂ ಒಂದೇ ವ್ಯಾಕರಣವಿದೆ ಎಂಬ ಧೈರ್ಯ ಅದರ ಹಿಂದಿತ್ತು. ಒಳರಚನೆ, ಗುಣ, ತಯಾರಿಕೆ, ಬಳಕೆಯಲ್ಲಿನ ನಡತೆ ಈ ನಾಲ್ಕೂ ಒಂದನ್ನೊಂದು ಹಿಡಿದುಕೊಂಡಿವೆ ಎಂದು ಆ ವ್ಯಾಕರಣಕ್ಕೆ ಚೌಕಟ್ಟು ಹಾಕಿಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1989ರ ವರದಿ. ಅದನ್ನು ರೂಪಿಸಿದ ಸಮಿತಿಯ ಇಬ್ಬರು ಮುಂದಾಳುಗಳಲ್ಲಿ ಒಬ್ಬರು ಲುಧಿಯಾನದಲ್ಲಿ ಹುಟ್ಟಿದ ಪ್ರವೀಣ್ ಚೌಧರಿ.

ಈ ವ್ಯಾಕರಣವನ್ನು ಮಕ್ಕಳಿಗೆ ಕಲಿಸಲು ಎಲ್ಲಿಂದ ಶುರುಮಾಡಬೇಕು? ಐವತ್ತು ವರ್ಷಗಳ ಜಗಳವೆಲ್ಲ ಇಷ್ಟೇ. ಸ್ಥೂಲವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಪರಮಾಣುವಿನ ಬಾಗಿಲು. ವಿಲಿಯಂ ಕ್ಯಾಲಿಸ್ಟರ್ 1985ರಲ್ಲಿ ಬರೆದ ದಪ್ಪ ಪುಸ್ತಕ, ನಮ್ಮಲ್ಲಿ ಅದಕ್ಕಿಂತ ಮೊದಲೇ ಐಐಟಿ ದೆಹಲಿಯ ವಿ. ರಾಘವನ್ ಬರೆದ ತೆಳ್ಳನೆಯ, ಇಂದಿಗೂ ಕೈಗೆಟಕುವ ಬೆಲೆಯ ಪುಸ್ತಕ, ಎರಡೂ ಈ ಕ್ರಮದವು. ಪರಮಾಣು, ಬಂಧ, ಸ್ಫಟಿಕ ಜಾಲ, ಜಾಲದ ದೋಷ, ಅಲ್ಲಿಂದ ಪ್ರಾವಸ್ಥೆಯ ನಕ್ಷೆಗಳು, ಕೊನೆಗೆಲ್ಲೋ ಬಳಕೆ. ಕೆಳಗಿನಿಂದ ಕಟ್ಟಿಕೊಂಡು ಹೋಗುವ ಚಂದ ಇದಕ್ಕಿದೆ. ಆದರೆ ಹದಿನೈದು ವಾರದ ಸೆಮಿಸ್ಟರಿನಲ್ಲಿ ಬಳಕೆಯ ಅಧ್ಯಾಯ ತಲುಪುವ ಹೊತ್ತಿಗೆ ಆಂತರಿಕ ಪರೀಕ್ಷೆ, ಹಬ್ಬದ ರಜೆ, ಕಾಲೇಜ್ ಡೇ ಎಲ್ಲ ಮುಗಿದು ಮೇಷ್ಟರು ಪುಟ ಹಾರಿಸತೊಡಗಿರುತ್ತಾರೆ.

ಎರಡನೆಯದು ಬೇಡಿಕೆಯ ಬಾಗಿಲು. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕ್ ಆಶ್ಬಿ ಮತ್ತು ಜತೆಗಾರರು 2007ರಲ್ಲಿ ತಂದ ಪಠ್ಯ ಕ್ರಮವನ್ನೇ ತಲೆಕೆಳಗು ಮಾಡಿತು. ನಿಮಗೆ ಹಗುರವಾಗಿರುವ, ಬಾಗದ, ಅಗ್ಗದ ಹುಟ್ಟುಗೋಲೊಂದು ಬೇಕು, ಯಾವುದರಿಂದ ಮಾಡುತ್ತೀರಿ? ಅಲ್ಲಿಂದ ಹೊರಟು, ಬೇಕಾದಾಗ ಮಾತ್ರ ಪರಮಾಣುವಿನವರೆಗೆ ಇಳಿಯುತ್ತಾರೆ. ಸಾಂದ್ರತೆ ಒಂದು ಅಕ್ಷ, ಬಿಗಿತ ಇನ್ನೊಂದು ಅಕ್ಷ. ಜಗತ್ತಿನ ವಸ್ತುಗಳೆಲ್ಲ ಬಣ್ಣದ ಗುಳ್ಳೆಗಳಾಗಿ ಒಂದೇ ಹಾಳೆಯ ಮೇಲೆ. ವಿನ್ಯಾಸ ಓದುವವರಿಗೆ ಇದು ವರ. ಆದರೆ ಇದರ ಜತೆಗಿನ ಸಾಫ್ಟ್‌ವೇರಿನ ಲೈಸೆನ್ಸು ನಮ್ಮ ಸಾಮಾನ್ಯ ಕಾಲೇಜುಗಳ ಜೇಬಿಗೆ ಭಾರ. ಅಲ್ಲದೆ ಗುಳ್ಳೆಗಳೂ ಕೊನೆಗೆ ಹಾಳೆಯ ಮೇಲೆಯೇ ಇವೆ, ಕೈಯಲ್ಲಿ ಅಲ್ಲ.

ಮೂರನೆಯ ಬಾಗಿಲು ಮುರಿತದ್ದು. ಅದರ ಅತ್ಯುತ್ತಮ ಪುಸ್ತಕಗಳಲ್ಲೊಂದು ಹುಟ್ಟಿದ್ದು ಇಂದಿರಾನಗರದ ಮಗ್ಗುಲ ಕೋಡಿಹಳ್ಳಿಯಲ್ಲಿ ಎಂಬುದು ನಮ್ಮ ಕಾಲೇಜುಗಳಲ್ಲಿ ಎಷ್ಟು ಜನರಿಗೆ ಗೊತ್ತೋ! ಎನ್‌ಎಎಲ್‌ನ ವಿ. ರಾಮಚಂದ್ರನ್, ಎ.ಸಿ. ರಘುರಾಮ್, ಆರ್.ವಿ. ಕೃಷ್ಣನ್, ಎಸ್.ಕೆ. ಭೌಮಿಕ್ ಸೇರಿ ಬರೆದ ಗ್ರಂಥವನ್ನು 2005ರಲ್ಲಿ ಅಮೆರಿಕದ ಎಎಸ್‌ಎಂ ಸಂಸ್ಥೆ ಪ್ರಕಟಿಸಿತು. ಇಂಜಿನಿಯರಿಂಗ್ ರಚನೆಗಳು ಸೋಲುವುದನ್ನು ಹೇಗೆ ಪತ್ತೆಹಚ್ಚಬೇಕು ಎಂಬ ವಿಧಾನ ಮೊದಲು, ಆಮೇಲೆ ಒಂದಾದ ಮೇಲೊಂದು ಪ್ರಕರಣ. ಪತ್ತೇದಾರಿ ಕತೆಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ: ಹೆಣ, ಸಾಕ್ಷಿ, ತಪ್ಪು ದಾರಿ ಹಿಡಿಸುವ ಸುಳಿವು, ಕೊನೆಗೆ ಕಾರಣ. ಬಿರುಕು ಎಲ್ಲಿ ಹುಟ್ಟಿತು? ಚೂಪು ಮೂಲೆಯಲ್ಲೋ, ಉಪಕರಣ ಕೆರೆದ ಗೀರಿನಲ್ಲೋ, ಲೋಹದೊಳಗೆ ಸಿಕ್ಕಿಬಿದ್ದ ಕಲ್ಮಶದಲ್ಲೋ? ತಪ್ಪು ವಿನ್ಯಾಸದ್ದೋ, ವಸ್ತುವಿನದ್ದೋ, ತಯಾರಿಕೆಯದ್ದೋ, ಇಲ್ಲ ಓಡಿಸಿದವನದ್ದೋ? ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಹೊರಟವನಿಗೆ ಒಳರಚನೆ, ಗುಣ, ತಯಾರಿಕೆ, ನಡತೆ ನಾಲ್ಕೂ ಒಟ್ಟಿಗೇ ಬೇಕಾಗುತ್ತವೆ. ಚೌಕಟ್ಟನ್ನು ಉರುಹೊಡೆಸಬೇಕಾಗಿಯೇ ಇಲ್ಲ.

ನನ್ನ ಮತ ಈ ಮೂರನೆಯದಕ್ಕೆ. ಇದು ಎಲ್ಲ ಊರಿಗೂ ಸಲ್ಲುವ ಮಾತೇನಲ್ಲ. ಈ ಊರಿನಲ್ಲಿ ಮುರಿದ ವಸ್ತುಗಳಿಗೆ ಬರವಿಲ್ಲದಿರುವುದರಿಂದ ಹೇಳುತ್ತಿದ್ದೇನೆ.

ಶಿವಾಜಿನಗರದ ಗುಜರಿಯನ್ನೇ ನೋಡಿ. ರಸೆಲ್ ಮಾರ್ಕೆಟ್ಟಿನ ಹಿಂದೆ ಮುಂದೆ, ಸಂದಿಗಳಲ್ಲಿ ಹಳೆಯ ಕಾರೊಂದು ಬಿಡಿಭಾಗವಾಗಿ ಹರಡಿಕೊಂಡಾಗ ಮೂರನೇ ಸೆಮಿಸ್ಟರಿನ ಪಠ್ಯವೇ ನೆಲದ ಮೇಲೆ ಬಿದ್ದಿರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ–ಸಿಲಿಕಾನ್ ಎರಕ. ಬ್ರೇಕ್ ಡ್ರಮ್ ಬೂದು ಬೀಡು. ಒಡೆದರೆ ಮುರಿದ ಮುಖ ನಿಜಕ್ಕೂ ಬೂದುಬಣ್ಣ, ಗ್ರಾಫೈಟ್ ಎಸಳುಗಳ ಗುರುತು. ಲೀಫ್ ಸ್ಪ್ರಿಂಗು ಸಿಲಿಕಾನ್–ಮ್ಯಾಂಗನೀಸ್ ಉಕ್ಕು. ಗೇರಿನ ಹಲ್ಲು ಮುರಿದಿದ್ದರೆ ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆತ್ತನೆ ತಿರುಳು ಬರಿಗಣ್ಣಿಗೇ ಬೇರೆಯಾಗಿ ಕಾಣುತ್ತವೆ. ಕಾರ್ಬುರೈಸಿಂಗ್ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಚಿತ್ರ ಬೇಡ. ರೇಡಿಯೇಟರು ಹಳೆಯದಾದರೆ ತಾಮ್ರ–ಹಿತ್ತಾಳೆ, ಈಚಿನದಾದರೆ ಅಲ್ಯೂಮಿನಿಯಂ. ಹೊಗೆಕೊಳವೆಯ ಕನ್ವರ್ಟರಿನಲ್ಲಿ ಪಿಂಗಾಣಿಯ ಜೇನುಹಲ್ಲೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಗುಜರಿಯವನಿಗೆ ಇವುಗಳ ಹೆಸರು ಬಾರದಿರಬಹುದು, ದರ ಮಾತ್ರ ಚೆನ್ನಾಗಿ ಗೊತ್ತು. ಅಯಸ್ಕಾಂತ ಹಿಡಿದು ಒಂದು ಸ್ಟೇನ್‌ಲೆಸ್ಸನ್ನು ಇನ್ನೊಂದರಿಂದ ಬೇರೆ ಮಾಡುತ್ತಾನೆ. ಗ್ರೈಂಡರಿಗೆ ತಾಗಿಸಿ ಕಿಡಿ ನೋಡುತ್ತಾನೆ: ಇಂಗಾಲ ಕಡಿಮೆಯಿದ್ದರೆ ಉದ್ದನೆಯ ನೇರ ಗೆರೆ, ಹೆಚ್ಚಿದ್ದರೆ ಕವಲೊಡೆದು ಹೂಬಿಟ್ಟ ಕಿಡಿ. ಪಠ್ಯದಲ್ಲಿ ಸ್ಪಾರ್ಕ್ ಟೆಸ್ಟ್ ಎಂದು ಎರಡು ಸಾಲು ಬರುತ್ತದೆ. ವಿದ್ಯಾರ್ಥಿ ಅದನ್ನು ಓದುತ್ತಾನೆ, ಗುಜರಿಯವನು ಅದರಲ್ಲಿ ಹೊಟ್ಟೆ ಹೊರೆಯುತ್ತಾನೆ.

ಅಲ್ಲಿಂದ ತಂದ ಮುರಿದ ಆಕ್ಸಲ್ ಒಂದಿದ್ದರೆ ಎರಡು ತರಗತಿ ನಡೆಸಬಹುದು. ಮುರಿದ ಮುಖದ ಒಂದು ಅಂಚಿನಲ್ಲಿ ನಯವಾದ ಭಾಗ. ಅದರ ಮೇಲೆ ಒಂದರ ಹಿಂದೊಂದು ಬಾಗಿದ ಗೆರೆಗಳು. ಬೀಚ್ ಮಾರ್ಕ್ ಎನ್ನುತ್ತಾರೆ. ಬಿರುಕು ಮುಂದೆ ಸಾಗಿ, ನಿಂತು, ಮತ್ತೆ ಸಾಗಿದ ದಿನಚರಿ ಅದು. ಗೆರೆಗಳು ಯಾವ ಬಿಂದುವಿನ ಸುತ್ತ ಬಾಗಿವೆಯೋ ಅಲ್ಲಿ ಹುಟ್ಟು. ಉಳಿದ ಒರಟು ಭಾಗ ಕೊನೆಯ ಕ್ಷಣದಲ್ಲಿ ಒಮ್ಮೆಗೇ ಹರಿದದ್ದು. ಒರಟು ಭಾಗ ಚಿಕ್ಕದಾಗಿದ್ದರೆ ಹೊರೆ ಕಡಿಮೆಯೇ ಇತ್ತು, ಆದರೂ ದಣಿದು ಮುರಿಯಿತು ಎಂದರ್ಥ. 1954ರಲ್ಲಿ ಕಾಮೆಟ್ ವಿಮಾನಗಳು ಹೀಗೆಯೇ ಲೋಹ ದಣಿದು ಆಕಾಶದಲ್ಲಿ ಸಿಡಿದ ಕತೆಯನ್ನು ಇದಾದ ಮೇಲೆ ಹೇಳಿದರೆ ಅದು ಕಿವಿಗೆ ಬೀಳುವ ರೀತಿಯೇ ಬೇರೆ.

ಇನ್ನೊಂದು ವಸ್ತುವಿಗಂತೂ ಶಿವಾಜಿನಗರದವರೆಗೂ ಹೋಗಬೇಕಿಲ್ಲ. ಹಳೆಯ ಬಂಗಲೆ ಕೆಡವಿ ಹೊಸ ಕಟ್ಟಡ ಏಳದ ರಸ್ತೆ ಇಂದಿರಾನಗರದಲ್ಲಿ ಯಾವುದಿದೆ? ಅಲ್ಲಿ ಬಿದ್ದಿರುವ ಟಿಎಂಟಿ ಕಂಬಿಯ ಗೇಣುದ್ದದ ತುಂಡು ಸಾಕು. ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ಎಮರಿ ಹಾಳೆಗಳ ಮೇಲೆ ಒರಟಿನಿಂದ ನಯಕ್ಕೆ ಉಜ್ಜಿ, ಆಲ್ಕೊಹಾಲಿನಲ್ಲಿ ಸ್ವಲ್ಪವೇ ನೈಟ್ರಿಕ್ ಆಮ್ಲ ಬೆರೆಸಿದ ನೈಟಾಲ್ ದ್ರವದಿಂದ ಒರೆಸಿದರೆ ಸೂಕ್ಷ್ಮದರ್ಶಕವಿಲ್ಲದೆ ಒಂದು ಉಂಗುರ ಕಾಣುತ್ತದೆ: ಹೊರಗೆ ಕಪ್ಪು ಬಳೆ, ನಡುವೆ ತಿಳಿಬಣ್ಣದ ತಿರುಳು. ಈ ಉಂಗುರ ಎಲ್ಲಿಂದ ಬಂತು? ಕಂಬಿ ಕೊನೆಯ ರೋಲರಿನಿಂದ ಕೆಂಪಗೆ ಹೊರಬಂದೊಡನೆ ನೀರಿನ ರಭಸಕ್ಕೆ ಸಿಕ್ಕಿ ಮೇಲ್ಮೈ ಕ್ಷಣದಲ್ಲಿ ತಣಿದು ಮಾರ್ಟೆನ್ಸೈಟ್ ಆಗುತ್ತದೆ, ಗಾಜಿನಷ್ಟು ಪೆಡಸು. ನಡುಭಾಗ ಇನ್ನೂ ಕುದಿಬಿಸಿ. ನೀರಿನಿಂದ ಆಚೆ ಬಂದ ಮೇಲೆ ಒಳಗಿನ ಬಿಸಿ ಹೊರಗೆ ಹರಿದು ಆ ಪೆಡಸನ್ನು ತಾನೇ ಹದ ಮಾಡುತ್ತದೆ. ಕಮ್ಮಾರ ಮಚ್ಚಿಗೆ ನೀರು ಕುಡಿಸಿ, ಆಮೇಲೆ ಹುಲ್ಲುಹಳದಿಯೋ ನೇರಳೆಯೋ ಬಣ್ಣ ಬರುವವರೆಗೆ ಮತ್ತೆ ಬಿಸಿಮಾಡಿ ಹದ ಕೊಡುತ್ತಾನಲ್ಲ, ಅದೇ ಕೆಲಸ ಇಲ್ಲಿ ಎರಡನೆಯ ಒಲೆಯಿಲ್ಲದೆ ನಡೆದುಹೋಗಿದೆ. ನಡುವಿನ ತಿರುಳು ನಿಧಾನ ತಣಿದು ಫೆರೈಟ್–ಪರ್ಲೈಟ್ ಆಗಿ ಬಳುಕುವ ಗುಣ ಉಳಿಸಿಕೊಳ್ಳುತ್ತದೆ. ಹೊರಗೆ ಬಲ, ಒಳಗೆ ಬಳುಕು. ಭಾರತೀಯ ಮಾನಕದಲ್ಲಿ ಎಫ್‌ಇ 500 ಎಂದರೆ 500 ಮೆಗಾಪ್ಯಾಸ್ಕಲ್ ಬಲ, ಹರಿಯುವ ಮುನ್ನ ಕನಿಷ್ಠ ಶೇ. 12 ಹಿಗ್ಗಬೇಕು, 500ಡಿ ಆದರೆ ಶೇ. 16. ಭೂಕಂಪದಲ್ಲಿ ಮನೆಯ ಕಂಬ ಮುರಿಯದೆ ಬಾಗುವುದು ಆ ನಾಲ್ಕರ ವ್ಯತ್ಯಾಸದ ಮೇಲೆ ನಿಂತಿದೆ. 727 ಡಿಗ್ರಿಯ ನಕ್ಷೆ, ತಣಿಸುವ ವೇಗದ ರೇಖೆಗಳು, ಹದ, ಬಲ–ಬಳುಕುಗಳ ಎಳೆದಾಟ, ಇಷ್ಟೂ ಒಂದು ಗುಜರಿ ತುಂಡಿನಲ್ಲಿ ಇವೆ.

ಇದಾದ ಮೇಲೆ ವಿದ್ಯಾರ್ಥಿಗಳನ್ನು ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ನಿಲ್ಲಿಸಬೇಕು. 2003ರಿಂದ ಹೊಗೆ, ಧೂಳು, ಹಾರನ್ನುಗಳ ನಡುವೆ ನಿಂತಿರುವ ಅದರ ಕೇಬಲ್ಲುಗಳೂ ಕಬ್ಬಿಣ–ಇಂಗಾಲವೇ. ಇಂಥ ಕೇಬಲ್ಲಿನ ತಂತಿ ತಡೆಯುವ ಎಳೆತ ಮನೆಯ ಕಂಬಿಯದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಸೇರಿಸಿದ್ದು ಬಂಗಾರವಲ್ಲ, ಶೇ. 0.8ರ ಆಸುಪಾಸಿನ ಇಂಗಾಲ. ಉಳಿದದ್ದೆಲ್ಲ ಸಣ್ಣ ಸಣ್ಣ ತೂತುಗಳ ಮೂಲಕ ತಣ್ಣಗೇ ಎಳೆದೆಳೆದು ಪರ್ಲೈಟ್ ಪದರಗಳನ್ನು ಕಿರಿದಾಗಿಸಿದ ತಯಾರಿಕೆಯ ಫಲ. ತಯಾರಿಕೆ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂಬ ಮಾತಿಗೆ ಸಾಕ್ಷಿ ಟ್ರಾಫಿಕ್ ಜಾಮಿನಲ್ಲಿಯೇ ಸಿಗುತ್ತದೆ, ಬೇಕಾದಷ್ಟು ಹೊತ್ತು.

ಪಾಠದ ಇನ್ನೊಂದು ರೋಗವನ್ನು ಬಯಲು ಮಾಡಿದ್ದು ಮೆಟ್ರೊ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಊರಿನ ಮೊದಲ ಮೆಟ್ರೊ ಓಡಿತು. 2018ರ ಡಿಸೆಂಬರಿನಲ್ಲಿ ಟ್ರಿನಿಟಿ ನಿಲ್ದಾಣದ ಬಳಿ ಮಾರ್ಗವನ್ನು ಹೊತ್ತ ಅಡ್ಡತೊಲೆಯ ಕಾಂಕ್ರೀಟಿನಲ್ಲಿ ಟೊಳ್ಳು ಕಂಡುಬಂದು, ತಿಂಗಳ ಕೊನೆಯಲ್ಲಿ ಎಂ.ಜಿ. ರಸ್ತೆ–ಇಂದಿರಾನಗರ ನಡುವಿನ ಓಡಾಟ ನಿಲ್ಲಿಸಿ ರಿಪೇರಿ ಮಾಡಿದರು. ಹನಿಕೋಂಬ್ ಎಂಬ ಪದ ಆ ವಾರ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಜಲ್ಲಿಯ ಸಂದುಗಳಿಗೆ ಸಿಮೆಂಟು–ಮರಳಿನ ಗಾರೆ ಹರಿದು ತುಂಬದಿದ್ದರೆ ಹಾಗಾಗುತ್ತದೆ. ಕಂಬಿಗಳು ಒತ್ತೊತ್ತಾಗಿದ್ದಲ್ಲಿ, ವೈಬ್ರೇಟರು ಸರಿಯಾಗಿ ಇಳಿಯದಲ್ಲಿ ಅದರ ಭಯ ಹೆಚ್ಚು. ತಯಾರಿಕೆ ತಪ್ಪಿ ಒಳರಚನೆ ಕೆಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಹಲಸೂರಿನ ಸುತ್ತಮುತ್ತಲಿನ ಎಷ್ಟು ತರಗತಿಗಳಲ್ಲಿ ಮೆಟೀರಿಯಲ್ ಸೈನ್ಸ್ ಮೇಷ್ಟರು ಅದನ್ನು ಎತ್ತಿಕೊಂಡಾರು? ಕಾಂಕ್ರೀಟು ಅವರದ್ದಲ್ಲ, ಸಿವಿಲ್ಲಿನವರದ್ದು. ಉಕ್ಕು ಮೆಕ್ಯಾನಿಕಲ್ಲಿಗೆ, ಸಿಲಿಕಾನ್ ಎಲೆಕ್ಟ್ರಾನಿಕ್ಸಿಗೆ, ಪಾಲಿಮರು ರಸಾಯನಶಾಸ್ತ್ರಕ್ಕೆ. ಎಲ್ಲವನ್ನೂ ಒಂದು ಮಾಡಲು ಹುಟ್ಟಿದ ವಿಷಯವನ್ನು ನಾವು ದಾಯಾದಿಗಳಿಗೆ ಆಸ್ತಿ ಹಂಚಿದ ಹಾಗೆ ಹಂಚಿಬಿಟ್ಟಿದ್ದೇವೆ. ಇದರಿಂದ ತಮಾಷೆಯೂ ಆಗುತ್ತದೆ: ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಬಗ್ಗೆ ಬರೆದು ಅಂಕ ತೆಗೆದವನು ಬೀಡು ಯಾವುದು, ಉಕ್ಕು ಯಾವುದು ಎಂದು ತೋರಿಸಲಾರ.

ಬುಡದಲ್ಲೂ ಸವೆತ ನಡೆದಿದೆ. ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ರಸಾಯನ ಪುಸ್ತಕದಿಂದ 2022ರಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಬಿಟ್ಟ ಅಧ್ಯಾಯಗಳಲ್ಲಿ ಯಾವುವು ಸೇರಿದ್ದವು? ಘನಸ್ಥಿತಿ, ಮೇಲ್ಮೈ ರಸಾಯನ, ಅದಿರಿನಿಂದ ಲೋಹ ತೆಗೆಯುವ ಬಗೆ, ಪಾಲಿಮರುಗಳು. ವಸ್ತುವಿಜ್ಞಾನಕ್ಕೆ ಹೊಸಿಲಾಗಿದ್ದ ನಾಲ್ಕೂ ಹೋದವು. ನಮ್ಮ ಪಿಯು ಪಠ್ಯವೂ ಅದನ್ನೇ ಹಿಂಬಾಲಿಸಿತು. 2024ರ ಸಿಇಟಿಯಲ್ಲಿ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು ರಾದ್ಧಾಂತವಾಯಿತು. ನಾಲ್ಕು ವಿಷಯಗಳೂ ಸೇರಿ 50 ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆದರು. ಗದ್ದಲವೆಲ್ಲ ಅಂಕದ ಬಗ್ಗೆ ಆಯಿತು. ಲೋಹ, ಪ್ಲಾಸ್ಟಿಕ್, ಸ್ಫಟಿಕ ಯಾವುದನ್ನೂ ಓದದ ಮಕ್ಕಳು ಇಂಜಿನಿಯರಿಂಗಿಗೆ ಬರಲಿದ್ದಾರೆ ಎಂಬುದನ್ನು ಯಾರೂ ಕೇಳಲಿಲ್ಲ. ಇತ್ತ ಸರ್ಕಾರ ಸೆಮಿಕಂಡಕ್ಟರ್ ಮಿಷನ್ ಎನ್ನುತ್ತಿದೆ. ಘನಸ್ಥಿತಿಯ ಅಧ್ಯಾಯವಿಲ್ಲದೆ ಸಿಲಿಕಾನ್!

ಇಲ್ಲಿ ಎದುರುವಾದಿಗಳ ಮಾತನ್ನೂ ಕೇಳಬೇಕು. ಭೌತವಿಜ್ಞಾನದ ಕಡೆಯವರು ಹೇಳುವುದು: ಗುಜರಿಯ ಜಾಣ್ಮೆ ಗುಜರಿಯಲ್ಲಿಯೇ ನಿಲ್ಲುತ್ತದೆ. ಪರಮಾಣು ಬಂಧಗಳಿಂದ ಲೆಕ್ಕ ಹಾಕಿದ ಲೋಹದ ಬಲ ನಿಜದ ಬಲಕ್ಕಿಂತ ಸಾವಿರ ಪಟ್ಟು ಹೆಚ್ಚು ಬರುತ್ತಿತ್ತು. ಆ ವ್ಯತ್ಯಾಸ ಏಕೆಂದು 1934ರಲ್ಲಿ ಟೇಲರ್, ಒರೋವಾನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಯೋಚಿಸಿ ಸ್ಫಟಿಕದೊಳಗಿನ ಡಿಸ್‌ಲೊಕೇಶನ್ ಎಂಬ ದೋಷವನ್ನು ಊಹಿಸಿದರು. ಕಣ್ಣಾರೆ ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಸಾವಿರ ಆಕ್ಸಲ್ ಮುರಿದು ನೋಡಿದರೂ ಆ ಊಹೆ ಹುಟ್ಟುತ್ತಿರಲಿಲ್ಲ. ಈ ವಾದ ಸರಿಯಾಗಿಯೇ ಇದೆ. ಜಿಟಿಆರ್‌ಇಯವರಿಗೆ ಬೇಕಾದ ಟರ್ಬೈನ್ ಅಲಗಿನ ಸುತ್ತ ಹರಿಯುವ ಅನಿಲ, ಆ ಅಲಗಿನ ನಿಕ್ಕಲ್ ಮಿಶ್ರಲೋಹ ಕರಗುವ ಬಿಂದುವಿಗಿಂತ ಬಿಸಿ. ಒಳಗೆ ಗಾಳಿ ಹಾಯಿಸಿ, ಮೇಲೆ ಪಿಂಗಾಣಿ ಬಳಿದು, ಅಲಗನ್ನೇ ಒಂದೇ ಸ್ಫಟಿಕವಾಗಿ ಬೆಳೆಸುವ ವಿದ್ಯೆ ಅನುಭವವೊಂದರಿಂದಲೇ ಬರುವುದಲ್ಲ. 1989ರಲ್ಲಿ ಕೈಗೆತ್ತಿಕೊಂಡ ಕಾವೇರಿ ಇಂಜಿನ್ ತೇಜಸ್ ವಿಮಾನಕ್ಕೆ ಕೂರದೇ ಹೋದದ್ದಕ್ಕೆ ಕಾರಣಗಳು ಹಲವು. ಬಿಸಿಭಾಗದ ವಸ್ತುಗಳು ಅವುಗಳಲ್ಲಿ ಸಣ್ಣವಲ್ಲ.

ಆದರೆ ಅದೇ ತೇಜಸ್‌ನ ಇನ್ನೊಂದು ಮುಖವನ್ನೂ ನೋಡಿ. ತೂಕದಲ್ಲಿ ಸುಮಾರು ಶೇ. 45ರಷ್ಟು ಕಾರ್ಬನ್ ಎಳೆಯ ಕಾಂಪೊಸಿಟ್ಟಿನಿಂದ ಆದ ಆ ವಿಮಾನ 2001ರ ಜನವರಿ 4ರಂದು ಎಚ್‌ಎಎಲ್‌ ರನ್‌ವೇಯಿಂದ ಮೇಲೇರಿತು. ಅದರ ಲಂಬ ರೆಕ್ಕೆ ಮಾಡಿಕೊಟ್ಟದ್ದು ಎನ್‌ಎಎಲ್‌. ಅಂಟು ಹೀರಿದ ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ದಿಕ್ಕು ತಪ್ಪದಂತೆ ಕೈಯಲ್ಲಿ ಹಾಸಿ, ಆಟೊಕ್ಲೇವ್ ಎಂಬ ದೈತ್ಯ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸುತ್ತಾರೆ. ಒಂದು ಪದರದಡಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಇಡೀ ಭಾಗ ತಿಪ್ಪೆಗೆ. ಹೀಗೆ ಹಾಸುವವರಿಗೆ ಎಳೆ–ಅಂಟುಗಳ ಸಿದ್ಧಾಂತವೂ ಬೇಕು, ಬೆರಳ ತುದಿಯ ಎಚ್ಚರವೂ ಬೇಕು. ಅಲ್ಯೂಮಿನಿಯಂ ಕಾಲದಲ್ಲೂ ಹಾಗೇ ಇತ್ತು. ವಿಮಾನ ಕಾರ್ಖಾನೆಗಳಲ್ಲಿ ಕೆಲವು ರಿವೆಟ್ಟುಗಳನ್ನು ಬಿಸಿಮಾಡಿ ನೀರಿಗದ್ದಿದ ಮೇಲೆ ಫ್ರಿಜ್ಜಿನಲ್ಲಿ ಇಡುತ್ತಾರೆ. ಹೊರಗಿಟ್ಟರೆ ಗಂಟೆಗಳಲ್ಲಿ ತಾವಾಗಿಯೇ ಗಟ್ಟಿಯಾಗಿ ಬಡಿಯಲು ಬಾರವು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಕಂಡ ಏಜ್ ಹಾರ್ಡನಿಂಗ್ ಎಂಬ ವಿದ್ಯಮಾನ ಅದು. ವಿಮಾನಪುರದ ಹಳೆಯ ಅಪ್ರೆಂಟಿಸುಗಳಿಗೆ ಫ್ರಿಜ್ಜಿನ ರಿವೆಟ್ಟು ಗೊತ್ತು, ಕಾಲೇಜಿನ ಹುಡುಗರಿಗೆ ವಿಲ್ಮ್‌ನ ರೇಖೆ ಗೊತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ.

ಅಪ್ರೆಂಟಿಸ್ ಪದ್ಧತಿಯನ್ನು ನಾವು ಲೆಕ್ಕಕ್ಕೆ ಹಿಡಿಯದೇ ಇರುವುದು ದೊಡ್ಡ ಕೊರತೆ. ಮರ್ಫಿ ಟೌನು, ವಿಮಾನಪುರ, ದೂರವಾಣಿನಗರಗಳ ಎಷ್ಟೋ ಮನೆಗಳು ಉಂಡದ್ದು ಆ ದಾರಿಯಿಂದ. ಫಿಟ್ಟರ್ ಹುಡುಗನಿಗೆ ಮೊದಲು ಕೊಡುವುದು ಒಂದು ಉಕ್ಕಿನ ತುಂಡು, ಒಂದು ಅರ. ಮೂಲೆಮಟ್ಟಕ್ಕೆ ಸರಿಹೋಗುವವರೆಗೆ ಉಜ್ಜು. ತಿಂಗಳು ಕಳೆಯುವಷ್ಟರಲ್ಲಿ ಯಾವ ತುಂಡು ಮೆದು, ಯಾವುದು ಅರವನ್ನೇ ಜಾರಿಸುತ್ತದೆ ಎಂದು ಭುಜಕ್ಕೆ ಗೊತ್ತಾಗಿರುತ್ತದೆ. ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಐದೂ ಬೆರೆತ ಭಾಷೆಯಲ್ಲಿ ಆ ಪಾಠ ನಡೆಯುತ್ತದೆ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಾಗ ಭಾಲ್ಕಿಯ ಭೀಮಣ್ಣ ಖಂಡ್ರೆ ಕಾಲೇಜು ಮೆಕ್ಯಾನಿಕಲ್ಲನ್ನು ಕನ್ನಡದಲ್ಲಿ ಕಲಿಸಲು ಮುಂದೆ ಬಂತು. ಒಳ್ಳೆಯ ಸಾಹಸ. ಪಾರಿಭಾಷಿಕ ಪದಗಳನ್ನು ಟಂಕಿಸುವುದರಲ್ಲೇ ಶಕ್ತಿ ಕಳೆಯುವ ಬದಲು ಕೈಗೆ ತುಂಡು ಕೊಟ್ಟು ಮಾತಾಡಿಸಿದರೆ ಭಾಷೆ ತಾನಾಗಿ ದಾರಿ ಮಾಡಿಕೊಳ್ಳುತ್ತದೆ.

ಹಾಗಾದರೆ ಕಾಲೇಜುಗಳಲ್ಲಿ ಲ್ಯಾಬು ಇಲ್ಲವೇ? ಇದೆ. ಸೂಕ್ಷ್ಮದರ್ಶಕವೂ ಇದೆ, ರಾಕ್‌ವೆಲ್ ಯಂತ್ರವೂ ಇದೆ, ಲೋಲಕದಿಂದ ಹೊಡೆದು ಮುರಿಯುವ ಚಾರ್ಪಿಯೂ ಇದೆ. ಮರದ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿದ ಸಿದ್ಧ ಮಾದರಿಗಳಿವೆ, ಯಾರೋ ಯಾವ ಕಾಲದಲ್ಲೋ ಪಾಲಿಶ್ ಮಾಡಿಟ್ಟದ್ದು. ವಿದ್ಯಾರ್ಥಿ ಕಣ್ಣಿಟ್ಟು ನೋಡಿ, ಹಿಂದಿನ ವರ್ಷದವರ ರೆಕಾರ್ಡಿನಿಂದ ಚಿತ್ರ ಬರೆದುಕೊಂಡು ಸಹಿ ಹಾಕಿಸುತ್ತಾನೆ. ಮೇಷ್ಟರಿಗೂ ಅದಕ್ಕಿಂತ ಹೆಚ್ಚು ಬಿಡುವಿಲ್ಲ. ಮೆಕ್ಯಾನಿಕಲ್ ಸೀಟುಗಳೇ ಕರಗಿ ಕಂಪ್ಯೂಟರ್ ಸೈನ್ಸ್ ಉಬ್ಬುತ್ತಿರುವಾಗ ಮ್ಯಾನೇಜ್‌ಮೆಂಟಿಗೆ ಎಮರಿ ಹಾಳೆಯ ಬಿಲ್ಲು ಕೂಡ ದುಂದುವೆಚ್ಚ. ಉಪನ್ಯಾಸದ ಮಟ್ಟಿಗೆ ಎನ್‌ಪಿಟಿಇಎಲ್‌ ವಿಡಿಯೊಗಳು ದೊಡ್ಡ ಉಪಕಾರ ಮಾಡಿವೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠ ಕೆ.ಆರ್. ಪುರದ ಪಿ.ಜಿ. ಕೋಣೆಯಲ್ಲಿ ಮೊಬೈಲಿನಲ್ಲಿ ಸಿಗುತ್ತದೆ. ಉಪನ್ಯಾಸದ ಕೊರತೆ ನೀಗಿದಷ್ಟೂ ತುಂಡಿನ ಕೊರತೆ ಎದ್ದು ಕಾಣುತ್ತಿದೆ.

ಪೂರ್ವದ ದೊಡ್ಡ ಸಂಸ್ಥೆಗಳಿಗೆ ಗೋಡೆ ಎತ್ತರ. ರಕ್ಷಣೆಯ ಕೆಲಸ, ಗುಟ್ಟು ಬೇಕೇ ಬೇಕು. ತನ್ನ ಮಾತೃಸಂಸ್ಥೆ ಸಿಎಸ್‌ಐಆರ್ ಹುಟ್ಟಿದ ಸೆಪ್ಟೆಂಬರ್ 26ರ ಆಸುಪಾಸಿನಲ್ಲಿ ಎನ್‌ಎಎಲ್‌ ಮಕ್ಕಳಿಗೆ ಬಾಗಿಲು ತೆರೆಯುತ್ತದೆ, ಐಐಎಸ್‌ಸಿ ವರ್ಷಕ್ಕೊಮ್ಮೆ ಓಪನ್ ಡೇ ಮಾಡುತ್ತದೆ. ಎಚ್‌ಎಎಲ್‌ನ ವಸ್ತುಸಂಗ್ರಹಾಲಯ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಎರಡರಲ್ಲೂ ವಿಮಾನ, ಇಂಜಿನ್ನುಗಳನ್ನು ನೋಡಬಹುದು. ನೋಡುವುದಕ್ಕೆ ಇವು ಸಾಕು. ಮುಟ್ಟುವುದಕ್ಕೆ ಬೇಕಾದದ್ದು ಬೇರೆ: ಪ್ರಕರಣ ಮುಗಿದು, ವಿಮಾನದ ಗುರುತು ಅಳಿಸಿ, ಗುಟ್ಟಿನದೇನೂ ಉಳಿಯದ ಮುರಿದ ಭಾಗಗಳನ್ನು ಕಾಲೇಜುಗಳಿಗೆ ಎರವಲು ಕೊಡುವ ಒಂದು ಕಪಾಟು. ಗ್ರಂಥಾಲಯದ ಪುಸ್ತಕದಂತೆ ತೆಗೆದುಕೊಂಡು ಹೋಗಿ, ಎರಡು ವಾರ ಇಟ್ಟುಕೊಂಡು, ವರದಿ ಬರೆದು ಹಿಂದಿರುಗಿಸುವುದು. ಅದು ಆಗುವವರೆಗೆ ಶಿವಾಜಿನಗರದಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ.

ಆದರೆ ನಮ್ಮಲ್ಲಿ ಪಾಠ ಪರೀಕ್ಷೆಯ ಬಾಲ ಹಿಡಿದು ಹೋಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ್ದನ್ನು ಯಾವ ಮೇಷ್ಟರೂ ಹೆಚ್ಚು ದಿನ ಕಲಿಸಲಾರರು, ಯಾವ ಹುಡುಗಿಯೂ ಕಲಿಯಳು. ಕಬ್ಬಿಣ–ಇಂಗಾಲದ ನಕ್ಷೆ ಬರೆದು ಭಾಗಗಳನ್ನು ಗುರುತಿಸಿ ಎಂಬ ಹತ್ತು ಅಂಕದ ಪ್ರಶ್ನೆ ಹಾಗೇ ಇರಲಿ. ಅದರ ಪಕ್ಕದಲ್ಲಿ ವಿಟಿಯು ಇನ್ನೊಂದನ್ನು ಸೇರಿಸಬಹುದು: ಇಗೋ ಮುರಿದ ಆಕ್ಸಲೊಂದರ ಫೋಟೊ, ಬಿರುಕು ಎಲ್ಲಿ ಹುಟ್ಟಿತೆಂದು ಬಾಣ ಹಾಕಿ ತೋರಿಸಿ, ಹೇಗೆ ತಿಳಿಯಿತೆಂದು ಬರೆಯಿರಿ, ಮುಂದಿನ ಆಕ್ಸಲ್ ಮಾಡುವಾಗ ಏನನ್ನು ಬದಲಿಸುತ್ತೀರಿ ಹೇಳಿ. ಇದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಅರ್ಧ ಪುಟ ಜಾಗ ಸಾಕು. ಫೋಟೊ ಕಪ್ಪುಬಿಳುಪಾದರೂ ನಡೆಯುತ್ತದೆ.